ಟವೆಲ್ಲಿನ ಕೆಳಗಿನ ಎಣಿಕೆ

ಆ ದಿನ ನಮ್ಮ ಮನೆಯವರು ಹುಕ್ಕೇರಿಯ ದನದ ಸಂತೆಯಿಂದ ಹೊತ್ತು ಮುಳುಗುವ ಮೊದಲೇ ಮೂಡಲಗಿಗೆ ಬಂದರು. ಕೈಕಾಲು ತೊಳೆದು ಊಟಕ್ಕೆ ಕುಳಿತರು. ಎಷ್ಟು ರೊಟ್ಟಿ ಎಂದು ಕೇಳಿದೆ. ಎರಡು ಬೆರಳು ತೋರಿಸಿದರು. ಒಂದನ್ನು ತಿಂದು ಇನ್ನೊಂದನ್ನು ತಾಟಿನಲ್ಲೇ ಬಿಟ್ಟರು. ಯಾಕೆ ಎಂದರೆ, "ದಲಾಲ ತೋರಿಸೋ ಮೊದಲನೇ ಬೆರಳು ಯಾವತ್ತೂ ಜಾಸ್ತಿನ ಇರತೈತಿ" ಎಂದು ನಕ್ಕರು. ಎಲ್ಲವೂ ಸರಿ ಇದ್ದ ಕಡೆಯ ದಿನ ಅದು.

ಅವರು ನಲವತ್ತು ವರ್ಷ ದನದ ದಲಾಲರಾಗಿದ್ದರು. ಕೊಡುವವರು, ಕೊಳ್ಳುವವರು ಟವೆಲ್ಲಿನ ಕೆಳಗೆ ಕೈ ಇಟ್ಟು ಬೆರಳು ಹಿಡಿದು ದರ ಮುಗಿಸಬೇಕು; ಸುತ್ತ ನಿಂತವರಿಗೆ ತಿಳಿಯಬಾರದು. ಹಾಗಾಗಿ ಅಂಕಿಯನ್ನು ಬಾಯಲ್ಲಿ ಹೇಳುವ ರೂಢಿಯೇ ಅವರಿಗೆ ಹೋಗಿತ್ತು. ಬಸ್ಸಿನ ಕಂಡಕ್ಟರನಿಗೂ ಬೆರಳೇ, ಮೊಮ್ಮಗಳ ವಯಸ್ಸು ಕೇಳಿದವರಿಗೂ ಬೆರಳೇ.

ಮರುದಿನ ಬೆಳಿಗ್ಗೆ ಚಪ್ಪಲಿಗೆ ಬಗ್ಗಿದವರಿಗೆ ಉಸಿರು ಸಿಗಲಿಲ್ಲ. ಗೋಕಾಕದ ದವಾಖಾನೆಯಲ್ಲಿ ಎಂಟು ದಿನ ಇದ್ದೆವು. ಹೃದಯ ಸೋತಿದೆ, ಆಗಾಗ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ ಎಂದರು. ಮನೆಗೆ ಹೊರಡುವಾಗ ಅಲ್ಲಿಯ ಹುಡುಗಿಯೊಬ್ಬಳು ನನ್ನ ಫೋನಿನಲ್ಲಿ ಏನೋ ಹಾಕಿಕೊಟ್ಟಳು. ದಿನಾ ಏಳು ಗಂಟೆಗೆ ಅದು ಕೇಳುತ್ತದೆ. ಒಂದೇ ಉಸಿರಿನಲ್ಲಿ ಒಂದು, ಎರಡು ಎಂದು ಆದಷ್ಟು ಎಣಿಸಬೇಕು. ನೀರು ತುಂಬತೊಡಗಿದರೆ ಅದರೊಳಗಿನ ಕೃತಕ ಬುದ್ಧಿಮತ್ತೆ ದನಿಯಿಂದಲೇ ಗುರುತಿಸಿ ಡಾಕ್ಟರಿಗೆ ಮೊದಲೇ ತಿಳಿಸುತ್ತದಂತೆ.

ಇವರು ಅವಳನ್ನು ಕೇಳಿದರು: "ಅದು ಯಾರ ಕಡೀದವ್ವಾ? ಕೊಡಾವ್ರ ಕಡೀದೋ, ತೊಗೊಳ್ಳಾವ್ರ ಕಡೀದೋ?"

ನಿಮ್ಮ ಕಡೆಯದೇ ಎಂದಳು. ಇವರು ನಂಬಲಿಲ್ಲ.

ಮೊದಲ ಬೆಳಿಗ್ಗೆ ಫೋನು ಎಣಿಸಲು ಹೇಳಿತು. ಇವರು ಹೆಗಲ ಮೇಲಿನ ಟವೆಲ್ ತೆಗೆದು ಫೋನಿನ ಮೇಲೆ ಹರವಿ, ಕೆಳಗೆ ಕೈ ಹಾಕಿ ಕುಳಿತರು. ದನಿ ಕೇಳಿಸುತ್ತಿಲ್ಲ, ಮತ್ತೊಮ್ಮೆ ಎಣಿಸಿ ಎಂದಿತು. ಇವರು ಕೈ ಹೊರಗೆ ತೆಗೆದರು.

"ಇದಕ್ಕ ಕೈನ ಇಲ್ಲ. ಯವಾರ ಹ್ಯಾಂಗ ಆಗಬೇಕು?"

ಮೂರು ಸಲ ಕೇಳಿತು. ನನಗೆ ಹೆದರಿಕೆಯಾಯಿತು. ಕಡೆಗೆ ನನ್ನ ಕೈಯನ್ನೇ ಎಳೆದು ಟವೆಲ್ಲಿನ ಕೆಳಗೆ ಇಟ್ಟುಕೊಂಡರು. ಕಣ್ಣು ಮುಚ್ಚಿ ಉಸಿರೆಳೆದು ಮನಸ್ಸಿನಲ್ಲೇ ಎಣಿಸಿ, ನನ್ನ ಐದೂ ಬೆರಳನ್ನು ಐದು ಸಲ ಒತ್ತಿದರು. "ಇಷ್ಟು ಹೇಳ ಅದಕ್ಕ" ಎಂದರು. ನಾನು ಒಂದರಿಂದ ಇಪ್ಪತ್ತೈದರವರೆಗೆ ಎಣಿಸಿದೆ. ಫೋನು ಧನ್ಯವಾದ ಹೇಳಿತು.

ಮದುವೆಯ ದಿನ ಬಿಟ್ಟರೆ ಹಗಲು ಹೊತ್ತಿನಲ್ಲಿ ಅವರು ನನ್ನ ಕೈ ಹಿಡಿದವರಲ್ಲ. ಅಂದಿನಿಂದ ಏಳಕ್ಕೆ ಮೊದಲು ಕೈ ತೊಳೆದು ಕುಳಿತಿರುತ್ತಿದ್ದೆ. ತಪ್ಪು ಎಂದು ಗೊತ್ತಿತ್ತು. ದಿನಾ ಇಪ್ಪತ್ತೈದು ಬರುತ್ತಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮೂರನೇ ವಾರ ದವಾಖಾನೆಯ ಹುಡುಗಿ ಫೋನು ಮಾಡಿದಳು. ಕಾಕಾರ ಉಸಿರು ಭಾಳ ಚಲೋ ಐತಿ, ಆದರೆ ಗಂಟಲಿನಲ್ಲಿ ಏನೋ ಬದಲಾವಣೆ ತೋರಿಸುತ್ತಿದೆ, ಕರೆದುಕೊಂಡು ಬನ್ನಿ ಎಂದಳು. ಹೋದೆವು. ಡಾಕ್ಟರು ಗಂಟಲು ನೋಡಿದರು, ಏನೂ ಇರಲಿಲ್ಲ. ಇಲ್ಲೇ ಎಣಿಸಿ ಎಂದರು. ಇವರು ಟವೆಲ್ ತೆಗೆದರು. ನಾನು ರೂಢಿಯಂತೆ ಕೈ ಚಾಚಿದೆ.

ದಿನಾ ಎಣಿಸುತ್ತಿದ್ದವರು ನೀವೇ ಏನು ಎಂದು ಡಾಕ್ಟರು ನನ್ನನ್ನು ಕೇಳಿದರು. ಆಮೇಲೆ ನನ್ನ ಕುತ್ತಿಗೆ ಮುಟ್ಟಿ ನೋಡಿ ರಕ್ತ ತೆಗೆಸಿದರು. ನನಗೆ ಥೈರಾಯ್ಡ್ ಇತ್ತು. ಎರಡು ವರ್ಷದ ಸುಸ್ತನ್ನು ನಾನು ವಯಸ್ಸು ಎಂದುಕೊಂಡಿದ್ದೆ.

"ನೋಡಿದಿ?" ಎಂದರು ಇವರು. "ನೀ ಬಾಯಿ ಬಿಟ್ಟಿ, ಒಳಗಿನ ಮಾಲ ಅದಕ್ಕ ಗೊತ್ತಾತು."

ಇವರ ಎದೆಯನ್ನು ಪರೀಕ್ಷಿಸಿದಾಗ ಡಾಕ್ಟರ ಮುಖ ಬದಲಾಯಿತು. ಇದು ಇಪ್ಪತ್ತೈದು ಎಣಿಸುವ ಎದೆಯಲ್ಲ, ಹತ್ತು ದಾಟಿದರೆ ಹೆಚ್ಚು ಎಂದರು. ನಾನು ಇವರ ಕಡೆ ನೋಡಿದೆ. ಇವರು ಫ್ಯಾನಿನ ಕಡೆ ನೋಡುತ್ತಿದ್ದರು. ನನಗೆ ಎರಡು ಬೆರಳು ತೋರಿಸಿ ತಾಟಿನಲ್ಲಿ ಬಿಟ್ಟ ಆ ರೊಟ್ಟಿ ನೆನಪಾಯಿತು.

ಇವತ್ತೇ ದಾಖಲಾಗಿ ಎಂದು ಡಾಕ್ಟರು ಪಟ್ಟು ಹಿಡಿದರು. ಇವರು ಟವೆಲ್ ಮುಂದೆ ಮಾಡಿದರು. ಬೇರೆ ದಾರಿ ಕಾಣದೆ ಡಾಕ್ಟರು ಕೈ ಇಟ್ಟರು. ಹುಕ್ಕೇರಿ ಸಂತೆ ಮುಗಿಸಿಕೊಂಡು ನಾಲ್ಕು ದಿನ ಬಿಟ್ಟು ಬರುವುದು, ಅಲ್ಲಿಯತನಕ ಗುಳಿಗೆ ಹೆಚ್ಚಿಸುವುದು, ದಾಖಲಾಗಿ ಮನೆಗೆ ಬಂದ ಮೇಲೆ ತಾವೇ ಬಾಯಿಬಿಟ್ಟು ಎಣಿಸುವುದು ಎಂದು ಕುದುರಿತು. ಬಸ್ಸು ಅರ್ಧ ದಾರಿ ದಾಟುವವರೆಗೂ ಗೆದ್ದವರ ಹಾಗೆ ಕುಳಿತಿದ್ದರು.

ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ ಮೊದಲೇ ತೀರಿಕೊಂಡರು.

ಏಳಕ್ಕೆ ಫೋನು ಕೇಳಿತು. ಮನೆ ತುಂಬ ಜನ. ಅದನ್ನು ಬಂದ್ ಮಾಡುವುದು ಯಾರಿಗೂ ತಿಳಿಯಲಿಲ್ಲ. ಮೂರನೇ ಸಲ ಕೇಳಿದಾಗ ನನ್ನ ನಾದಿನಿ ಅಳುತ್ತಲೇ ಹತ್ತರವರೆಗೆ ಎಣಿಸಿದಳು. ಧನ್ಯವಾದ ಹೇಳಿ ಸುಮ್ಮನಾಯಿತು.

ದಿನಕರ್ಮ ಮುಗಿದ ಮೇಲೆ ಗೋಕಾಕಕ್ಕೆ ಹೋಗಿ ಅವರ ದನಿ ಇದ್ದರೆ ಕೊಡಿ ಎಂದು ಕೇಳಿದೆ. ಆ ಹುಡುಗಿ ಎಲ್ಲವನ್ನೂ ಹಾಕಿಕೊಟ್ಟಳು. ಏಳಕ್ಕೆ ನನ್ನ ಗುಳಿಗೆ ನುಂಗಿ ಕೇಳುತ್ತೇನೆ. ನಾದಿನಿಯದೊಂದು ಬಿಟ್ಟು ಎಲ್ಲಾ ನನ್ನದೇ ದನಿ. ಒಂದರಲ್ಲಿ ಹಿಂದೆ ಅವರು ಕೆಮ್ಮಿದ್ದಿದೆ. ಇನ್ನೊಂದರಲ್ಲಿ ಟವೆಲ್ ಝಾಡಿಸಿದ ಸಪ್ಪಳವಿದೆ. ಅವರು 'ಒಂದು' ಎಂದದ್ದು ಎಲ್ಲಿಯೂ ಇಲ್ಲ.