ಡೊಂಬಿವಲಿಯ ಕಂಪ್ಯೂಟರ್ ಉತ್ತರಿಸಲಿಲ್ಲ

ಗಾಬರಿಯಾದವರನ್ನು ಸಮಾಧಾನಪಡಿಸುವುದೇ ಶ್ರೀಮತಿಯ ಉದ್ಯೋಗ. ಐರೋಲಿಯ ನಮ್ಮ ಆಫೀಸಿನಲ್ಲಿ ಅವಳೂ ನಾನೂ ಅಕ್ಕಪಕ್ಕದ ಕುರ್ಚಿಯವರು. ಎಲ್ಲೋ ಪರವೂರಿನಲ್ಲಿ ಕೂತು ತಮ್ಮ ಮನೆಯ ಕಂಪ್ಯೂಟರನ್ನು ದೂರದಿಂದ ತೆರೆಯಲಾಗದೆ ಒದ್ದಾಡುವವರು ನಮಗೆ ಫೋನ್ ಮಾಡುತ್ತಾರೆ. ದೊಡ್ಡ ದೊಡ್ಡ ಸಾಹೇಬರೂ ಆಗ ಗಾಬರಿಯಲ್ಲಿ ಕೂಗಾಡುತ್ತಾರೆ. ನನಗೆ ಸಿಟ್ಟು ಬರುತ್ತದೆ, ಅವಳಿಗೆ ಬರುವುದಿಲ್ಲ. ಉಡುಪಿಯ ರಾಗದ ಹಿಂದಿಯಲ್ಲಿ, "ಗಾಬರಿ ಬೇಡ ಸಾರ್, ಮೊದಲು ಹೇಳಿ, ಅಲ್ಲಿ ಕರೆಂಟ್ ಇದೆಯಾ?" ಎಂದು ಶುರುಮಾಡಿ ಒಂದೊಂದೇ ಕಾರಣವನ್ನು ತೆಗೆದುಹಾಕುತ್ತ ಹೋಗುತ್ತಾಳೆ.

ಈ ವಿದ್ಯೆಯನ್ನು ಅವಳು ಕಾಲೇಜಿನಲ್ಲಿ ಕಲಿತದ್ದಲ್ಲ. ಮದುವೆಯಾಗಿ ಡೊಂಬಿವಲಿಗೆ ಬಂದಾಗ ಮಾವನ ಸಣ್ಣ ಹೋಟೆಲಿತ್ತು. ಗಲ್ಲಾದಲ್ಲಿ ಕೂತವಳು ಇವಳು. ಬಿಲ್ ಮಾಡುವ ಕಂಪ್ಯೂಟರ್ ದಿನ ಬಿಟ್ಟು ದಿನ ಕೈಕೊಡುತ್ತಿತ್ತು, ರಿಪೇರಿಯವನು ವಾರವಾದರೂ ಪತ್ತೆಯಿಲ್ಲ. ಕಾದು ಕಾದು ಸಾಕಾಗಿ ತಾನೇ ಬಿಚ್ಚಿ ನೋಡಿ ಕಲಿತಳು. ಒಳಗೆ ಇಡ್ಲಿ, ಸಾಂಬಾರು, ರುಬ್ಬುವ ಗ್ರೈಂಡರು ಎಲ್ಲ ಅತ್ತೆ ವನಮಾಲಾ ಅವರ ಕೈಯಲ್ಲಿ. ಮಾವ ತೀರಿಕೊಂಡ ಮೇಲೆ ಹೋಟೆಲ್ ಮುಚ್ಚಿತು. ಗಂಡ ಯಜ್ಞೇಶ್ವರ ಬದಲಾಪುರದಲ್ಲಿ ಬೇರೆಯವರ ಹೋಟೆಲಿಗೆ ಮ್ಯಾನೇಜರ್ ಆಗಿ ಸೇರಿದ, ಇವಳು ನಮ್ಮಲ್ಲಿಗೆ ಬಂದಳು.

ಅತ್ತೆಗೆ ಮರೆವು ಶುರುವಾದದ್ದು ಆಮೇಲೆ. ಮೊದಮೊದಲು ಕನ್ನಡಕ, ಬೀಗದಕೈ. ಆಮೇಲೆ ಊಟ ಮಾಡಿದ್ದು, ಮಾಡದ್ದು. ಒಮ್ಮೆ ಗಾಳಿಗೆ ಒಲೆ ಆರಿದ್ದು ತಿಳಿಯದೆ ಗ್ಯಾಸ್ ತೆರೆದಿಟ್ಟೇ ನಿದ್ದೆಹೋಗಿದ್ದರು. ಅಂದಿನಿಂದ ಶ್ರೀಮತಿ ಹೊರಡುವಾಗ ಸಿಲಿಂಡರ್ ಬಂದ್ ಮಾಡಿ, "ಯಾರು ಬಂದರೂ ಬಾಗಿಲು ತೆರೆಯಬೇಡಿ" ಎಂದು ದಿನಾ ಹೇಳಿ ಬರುತ್ತಾಳೆ. ಹಾಲ್‌ನಲ್ಲಿರುವ ಕಂಪ್ಯೂಟರಿನ ಕ್ಯಾಮೆರಾವನ್ನು ಅತ್ತೆಯ ಕುರ್ಚಿಯ ಕಡೆ ತಿರುಗಿಸಿಟ್ಟು, ಆಗಾಗ ಆಫೀಸಿನಿಂದಲೇ ಅದನ್ನು ತೆರೆದು ನೋಡುತ್ತಾಳೆ. ಅಂಗಡಿಯಲ್ಲಿ ಬೇಕಾದಷ್ಟು ಕ್ಯಾಮೆರಾ ಸಿಗುತ್ತವಲ್ಲ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವಳಿಗೆ ತಾನು ಮಾಡಿಕೊಂಡ ದಾರಿಯ ಮೇಲೆಯೇ ನಂಬಿಕೆ. ಅತ್ತೆಗೆ ಇದೊಂದೂ ಗೊತ್ತಿಲ್ಲ ಎಂದು ನಾವಿಬ್ಬರೂ ತಿಳಿದಿದ್ದೆವು.

ಅವತ್ತು ದಸರೆಯ ಹಿಂದಿನ ದಿನ. ಮರುದಿನ ರಜೆ ಎಂದು ಬೆಳಗಿನ ಲೋಕಲ್‌ನಲ್ಲಿ ಹೆಂಗಸರೆಲ್ಲ ಸೇರಿ ನಮ್ಮ ರೈಲಿನ ಡಬ್ಬಿಗೆ ಚೆಂಡುಹೂವಿನ ಮಾಲೆ ಕಟ್ಟಿ, ಆರತಿ ಎತ್ತಿ, ಪೇಡ ಹಂಚಿದ್ದರು. ಮಾಲೆ ತರುವ ಪಾಳಿ ಶ್ರೀಮತಿಯದು. ಅದಕ್ಕೇ ಅವಳು ಮನೆಯಿಂದ ಓಡೋಡಿ ಬಂದಿದ್ದಳು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಮೊದಲು ಎಂದಿನಂತೆ ಮನೆ ನೋಡಲು ಹೋದಳು. ಸಂಪರ್ಕ ಸಿಗಲಿಲ್ಲ. ಮೊದಲು ನಕ್ಕಳು. ಆಫೀಸಿನ ನೆಟ್ ತಡೆಯುತ್ತಿರಬೇಕು ಎಂದು ಫೋನಿನ ನೆಟ್‌ನಿಂದ ಯತ್ನಿಸಿದಳು. ಇಲ್ಲ. ಕರೆಂಟ್ ಹೋಗಿ ಬಂದಾಗ ಮನೆಯ ನೆಟ್‌ನ ವಿಳಾಸ ಬದಲಾಗುವುದುಂಟು. ಅದನ್ನೂ ನೋಡಿದಳು, ಬದಲಾಗಿರಲಿಲ್ಲ. ಕಂಪ್ಯೂಟರ್ ನಿದ್ದೆಹೋದರೂ ನೆಟ್‌ನ ಪೆಟ್ಟಿಗೆ, ನಾವು ರೌಟರ್ ಅನ್ನುವುದು, ಕರೆದರೆ ಓಗೊಡುತ್ತದೆ. ಅದೂ ಓಗೊಡಲಿಲ್ಲ.

"ಕರೆಂಟ್ ಹೋಗಿದೆ, ಅಷ್ಟೇ ಮಾರಾಯ್ತಿ. ಊಟ ಮಾಡು," ಅಂದೆ.

ಅವಳು ಬಿಲ್ಡಿಂಗಿನ ವಾಚ್‌ಮನ್‌ಗೆ ಫೋನ್ ಮಾಡಿದಳು. ಕರೆಂಟ್ ಇದೆ, ಲಿಫ್ಟ್ ಓಡುತ್ತಿದೆ ಎಂದ. ಮೇಲೆ ಹೋಗಿ ಬೆಲ್ ಹೊಡೆದು ಬಂದು, ಯಾರೂ ತೆರೆಯಲಿಲ್ಲ ಎಂದ. ತೆರೆಯಬೇಡಿ ಎಂದು ಕಲಿಸಿದವಳು ಇವಳೇ, ಹೇಗೆ ತೆರೆಯುತ್ತಾರೆ? ನೆಟ್‌ನವರನ್ನು ಕೇಳಿದರೆ ಆ ಏರಿಯಾದಲ್ಲಿ ಏನೂ ತೊಂದರೆ ಇಲ್ಲವಂತೆ. ಇನ್ನೊಂದು ಬೀಗದಕೈ ಇದ್ದ ಪಕ್ಕದ ಮನೆಯ ಅನಘ ಕಲ್ಯಾಣ್ ಊರಿಗೆ ಹೋಗಿದ್ದಳು. ಅತ್ತೆಯ ಮೊಬೈಲ್ ರಿಂಗಾಗಿ ರಿಂಗಾಗಿ ನಿಂತಿತು.

ಬೇರೆಯವರ ಮನೆಯಾಗಿದ್ದರೆ ಒಂದೊಂದು ಕಾರಣ ತೆಗೆದುಹಾಕಿದಾಗಲೂ ನಮಗೆ ಸಮಾಧಾನವಾಗುತ್ತಿತ್ತು. ಈಗ ಒಂದೊಂದು ತೆಗೆದಾಗಲೂ ಕೆಟ್ಟದ್ದೇ ಹತ್ತಿರ ಬಂತು. ಕರೆಂಟ್ ಇದ್ದೂ ಎರಡು ಯಂತ್ರ ಒಟ್ಟಿಗೆ ಸತ್ತಿವೆ ಎಂದರೆ ವಯರ್ ಸುಟ್ಟಿರಬೇಕು. ನಾನು ಹಾಗೆ ಯೋಚಿಸಿದೆ.

"ಬೆಳಗ್ಗೆ ಸಿಲಿಂಡರ್ ಬಂದ್ ಮಾಡಿದ್ದು ನನಗೆ ನೆನಪಿಲ್ಲ," ಎಂದಳು ಶ್ರೀಮತಿ. "ಮಾಲೆ ಹಿಡ್ಕೊಂಡು ಬಂದದ್ದು ಮಾತ್ರ ನೆನಪುಂಟು."

ಅವಳ ಮುಖದಲ್ಲಿ ರಕ್ತವಿರಲಿಲ್ಲ. ಒಬ್ಬಳನ್ನೇ ಕಳಿಸಲು ನನಗೆ ಧೈರ್ಯವಾಗಲಿಲ್ಲ. ಇಬ್ಬರೂ ಹೊರಟೆವು.

ಠಾಣೆಯಲ್ಲಿ ರೈಲು ಬದಲಿಸಿದೆವು. ಯಜ್ಞೇಶ್ವರ ಫೋನಿನಲ್ಲಿ, "ನಾನೂ ಹೊರಟೆ, ಗಾಡಿ ಬರಲಿಲ್ಲ ಇನ್ನೂ, ನೀನು ಲೈಟಿನ ಸ್ವಿಚ್ ಮುಟ್ಟಬೇಡ, ಮೊದಲು ಕಿಟಕಿ ತೆಗಿ," ಎಂದು ಅದನ್ನೇ ಹೇಳುತ್ತಿದ್ದ. ಅಲ್ಲೂ ಯಾರೋ ಮಾಲೆ ಕಟ್ಟಿದ್ದ ಡಬ್ಬಿಯಲ್ಲಿ ನಿಂತು ಶ್ರೀಮತಿ ಮತ್ತೆ ಮತ್ತೆ ಮನೆಯನ್ನು ಕರೆಯುತ್ತಿದ್ದಳು. ಸುರಂಗದಲ್ಲಿ ಫೋನಿನ ನೆಟ್ ಹೋಯಿತು. ದಿವಾ ಸ್ಟೇಷನ್ ದಾಟುವಾಗ ಬಂತು. ಮನೆ ಮಾತ್ರ ಉತ್ತರಿಸಲಿಲ್ಲ. ಪಕ್ಕದವಳು ಪೇಡ ನೀಡಿದಳು. ಶ್ರೀಮತಿ ಅದನ್ನು ಕೈಯಲ್ಲಿ ಹಿಡಿದೇ ಇಳಿದಳು, ರಿಕ್ಷಾದಲ್ಲೂ ಹಿಡಿದೇ ಇದ್ದಳು.

ಲಿಫ್ಟಿನಿಂದ ಹೊರಗೆ ಕಾಲಿಟ್ಟಾಗಲೇ ಹೊಗೆಯ ವಾಸನೆ ಮೂಗಿಗೆ ಬಡಿಯಿತು. ಬಾಗಿಲ ಸಂದಿಯಿಂದ ಬರುತ್ತಿತ್ತು. ಶ್ರೀಮತಿಯ ಬೀಗದಕೈ ತೂತಿಗೆ ಹೋಗಲೊಲ್ಲದು. ನಾನೇ ಕಿತ್ತುಕೊಂಡು ತೆರೆದೆ.

ಒಳಗೆ ಧೂಪದ ಹೊಗೆ. ವನಮಾಲಮ್ಮ ಪಟ್ಟೆಸೀರೆ ಉಟ್ಟು ತಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಮುಂದೆ ಹಾಸಿದ ಬಿಳಿ ಪಂಚೆಯ ಮೇಲೆ ಮಿಕ್ಸಿ, ಈಳಿಗೆಮಣೆ, ಕತ್ತರಿ, ಅವರ ಮೊಬೈಲ್, ಮತ್ತು ವಯರ್ ಸುತ್ತಿಟ್ಟ ರೌಟರ್. ಮೇಜಿನ ಮೇಲಿನ ಕಂಪ್ಯೂಟರಿಗೆ ಗಂಧ, ಕುಂಕುಮ, ಬಾಲ್ಕನಿಯ ಕುಂಡದ ಎರಡು ದಾಸವಾಳ. ಅದರ ಪ್ಲಗ್ಗನ್ನೂ ಕಿತ್ತಿಟ್ಟಿದ್ದರು.

ಶ್ರೀಮತಿ ಮೊದಲು ಅಡುಗೆಮನೆಗೆ ಓಡಿದಳು. ಒಲೆಗೂ ಕುಂಕುಮ, ಸಿಲಿಂಡರಿಗೂ ಕುಂಕುಮ. ಅದು ಬಂದ್ ಆಗಿತ್ತು. ಬಂದ್ ಮಾಡಿದ್ದು ತಾನೋ ಅತ್ತೆಯೋ ಎಂಬುದು ಅವಳಿಗೆ ಇಂದಿಗೂ ಗೊತ್ತಿಲ್ಲ.

"ಅತ್ತೆ, ಇದೆಲ್ಲ ಎಂತ?" ವಾಪಸು ಬಂದು ಕೇಳಿದಳು.

"ಆಯುಧ ಪೂಜೆ ಅಲ್ಲವಾ ಇವತ್ತು. ನೀನು ಮರೆತು ಹೋದೆ. ನಾನೇ ಮಾಡಿದೆ."

ರೈಲಿಗೆ ಮಾಲೆ ಕಟ್ಟಿ ಬಂದ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ವಯರ್ ಯಾಕೆ ತೆಗೆದದ್ದು?"

"ಪೂಜೆ ಆದ ಮೇಲೆ ಆಯುಧ ಮುಟ್ಟಲಿಕ್ಕುಂಟಾ? ಹೋಟೆಲಿನ ಗ್ರೈಂಡರಿಗೂ ನಿನ್ನ ಮಾವ ಇವತ್ತು ರಜೆ ಕೊಡ್ತಿದ್ದರು." ಅತ್ತೆ ಕಂಪ್ಯೂಟರಿನ ಕಡೆ ಕನಿಕರದಿಂದ ನೋಡಿದರು. "ಪಾಪ, ಇದು ದಿನವಿಡೀ ನನ್ನನ್ನೇ ನೋಡ್ತಾ ಕೂತಿರ್ತದೆ. ಇದಕ್ಕೂ ಒಂದು ದಿನ ವಿಶ್ರಾಂತಿ ಬೇಡವಾ?"

ಶ್ರೀಮತಿ ಅತ್ತೆಯ ಕಾಲಬುಡದಲ್ಲೇ ಕೂತುಬಿಟ್ಟಳು. ಭಯ ಇಳಿದದ್ದಕ್ಕೋ ನಾಚಿಕೆಗೋ, ಅಳು ತಡೆಯಲಾಗಲಿಲ್ಲ ಅವಳಿಗೆ. ಕೈಯಲ್ಲಿ ಹಿಸುಕಿಹೋಗಿದ್ದ ಪೇಡವನ್ನು ಅತ್ತೆಯ ಬಾಯಿಗಿಟ್ಟಳು. ಅವರು ಮೆಲ್ಲಗೆ ಚಪ್ಪರಿಸಿ ತಿಂದರು. ಎಲ್ಲ ನೆನಪಿದೆ ಇವರಿಗೆ, ನಾವೇ ಸುಮ್ಮನೆ ಹೆದರಿದೆವು ಎಂದುಕೊಂಡು ನಾನು ನೀರು ಕುಡಿಯಲು ಹೊರಟೆ.

ಅಷ್ಟರಲ್ಲಿ ಬೆಲ್ ಆಯಿತು. ಹೊರಗಿನಿಂದ ಯಜ್ಞೇಶ್ವರ "ಅಮ್ಮಾ, ಅಮ್ಮಾ" ಎಂದು ಕರೆಯುತ್ತಿದ್ದ. ಶ್ರೀಮತಿ ಏಳಹೋದಾಗ ಅತ್ತೆ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಈಗ ಹೆದರಿದ್ದು ಅವರು.

"ತೆರೆಯಬೇಡಿ," ಎಂದರು ಪಿಸುದನಿಯಲ್ಲಿ, ಶ್ರೀಮತಿಯ ಮುಖವನ್ನೇ ನೋಡುತ್ತ. "ಯಾರು ಬಂದರೂ ತೆರೆಯಬಾರದು ಅಂತ ನನ್ನ ಸೊಸೆ ಹೇಳಿ ಹೋಗಿದ್ದಾಳೆ."

ಶ್ರೀಮತಿ ಕೈ ಬಿಡಿಸಿಕೊಳ್ಳಲಿಲ್ಲ. ನಾನು ಹೋಗಿ ಬಾಗಿಲು ತೆರೆದೆ.