ಐದು ಮಂದಿಯ ಆರೋಗ್ಯ, ಒಂದೇ ಕೈಬರಹ

ಬದನೆಕಾಯಿಯನ್ನು ಒತ್ತಿ ನೋಡದೆ, ಬೆಂಡೆಕಾಯಿಯ ತುದಿ ಮುರಿಯದೆ ಕೊಂಡವಳು ನಾನಲ್ಲ. ನಮ್ಮ ಬೀದಿಯ ತರಕಾರಿ ಅಂಗಡಿಯವನು ನನ್ನನ್ನು ಕಂಡರೆ ಬೆಂಡೆಯ ಬುಟ್ಟಿಯನ್ನು ಸ್ವಲ್ಪ ಹಿಂದಕ್ಕೆ ಸರಿಸುತ್ತಾನೆ. ಇಂಥವಳು ಈ ವರ್ಷ ಮುಟ್ಟಿ ನೋಡಲಾಗದ, ಮೂಸಿ ನೋಡಲಾಗದ, ತಂದ ಮೇಲೂ ಕಣ್ಣಿಗೆ ಕಾಣದ ಒಂದು ಸಾಮಾನನ್ನು ಆರು ಮಂದಿಗಾಗಿ ಕೊಳ್ಳಬೇಕಾಗಿ ಬಂತು. ಆರೋಗ್ಯ ವಿಮೆ.

ಗಲ್ಫಿನಲ್ಲಿ, ಘಾಲಾ ಎಂಬಲ್ಲಿ ನಮ್ಮದೊಂದು ಮರಗೆಲಸದ ಕಾರ್ಖಾನೆ ಇದೆ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಎರಡು ಗ್ಯಾರೇಜುಗಳ ನಡುವೆ ಒಂದು ಶೆಡ್ಡು, ಒಂದು ಗರಗಸದ ಯಂತ್ರ, ಐದು ಕೆಲಸಗಾರರು, ಬಾಗಿಲು ಮತ್ತು ಅಡುಗೆಮನೆಯ ಕಪಾಟು ಮಾಡಿಸುವ ನನ್ನ ಗಂಡ, ಮೂಲೆಯ ಏಸಿ ಕೋಣೆಯಲ್ಲಿ ಕಾಗದಪತ್ರ ನೋಡುವ ನಾನು. ದಾಖಲೆಯಲ್ಲಿ ನಾನು ಆಫೀಸ್ ಕ್ಲಾರ್ಕ್. ಗಂಡನ ಕೈಕೆಳಗೆ ಇದ್ದೇನೆ ಎಂಬುದಕ್ಕೆ ಸರಕಾರದ ಮುದ್ರೆಯೇ ಬಿದ್ದ ಹೆಂಗಸರು ಲೋಕದಲ್ಲಿ ಹೆಚ್ಚಿರಲಾರರು.

ಮೊದಲೆಲ್ಲ ವಿಮೆಗೆಂದು ಒಬ್ಬ ಏಜೆಂಟ್ ಬರುತ್ತಿದ್ದ. ಚಹಾ ಕುಡಿದು, ತೋರಿಸಿದಲ್ಲಿ ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. ಏನು ಕೊಂಡೆವೆಂದು ಅವನಿಗೆ ಗೊತ್ತಿತ್ತು, ನಮಗಿರಲಿಲ್ಲ. ಆದ್ದರಿಂದ ನಿದ್ದೆ ಚೆನ್ನಾಗಿ ಬರುತ್ತಿತ್ತು. ಈಗ ನಮ್ಮಂಥ ಸಣ್ಣವರೂ ನೇರವಾಗಿ ಸರಕಾರದ ವೆಬ್‌ಸೈಟಿಗೆ ಹೋಗಿ ಕೊಳ್ಳಬಹುದು. ಕಾರ್ಖಾನೆಯ ನೋಂದಣಿ ಸಂಖ್ಯೆ ಒತ್ತಿದರೆ ಕೆಲಸಗಾರರ ಹೆಸರುಗಳು, ನನ್ನದೂ ಸೇರಿ, ತಾವಾಗಿಯೇ ಬಂದು ಸಾಲಾಗಿ ನಿಲ್ಲುತ್ತವೆ. ಅವುಗಳ ಕೆಳಗೆ ವಿಮಾ ಕಂಪೆನಿಗಳು, ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತವರ ಹಾಗೆ. ಒಂದರ ಪಟ್ಟಿಯಲ್ಲಿ ನಮ್ಮ ಹತ್ತಿರದ ಕ್ಲಿನಿಕ್ ಇದೆ, ದೊಡ್ಡಾಸ್ಪತ್ರೆ ಇಲ್ಲ. ಇನ್ನೊಂದರಲ್ಲಿ ದೊಡ್ಡಾಸ್ಪತ್ರೆ ಇದೆ, ಕ್ಲಿನಿಕ್ ಇಲ್ಲ. ಹಲ್ಲಿನ ಚಿಕಿತ್ಸೆ ಒಂದು ಕಂಪೆನಿಗೆ ಬೇಕು, ಇನ್ನೊಂದಕ್ಕೆ ಬೇಡ. ನಾನು ನೋಡಿದ ಎಲ್ಲರಲ್ಲೂ ಒಂದೇ ತರಹ ಇದ್ದದ್ದು ಒಂದು ಸಾಲು: ಮೃತದೇಹವನ್ನು ತಾಯ್ನಾಡಿಗೆ ತಲುಪಿಸುವ ವೆಚ್ಚ. ಬದುಕಿದವನನ್ನು ಎಲ್ಲಿಗೆ ಒಯ್ಯಬೇಕೆಂಬುದರಲ್ಲಿ ಭಿನ್ನಾಭಿಪ್ರಾಯ, ಸತ್ತವನನ್ನು ವಿಮಾನ ಹತ್ತಿಸುವುದರಲ್ಲಿ ಮಾತ್ರ ಎಲ್ಲರಿಗೂ ಒಂದೇ ಮನಸ್ಸು.

ನಾನು ಕನ್ನಡಕ ಒರೆಸಿಕೊಂಡು ಇದನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸುವಷ್ಟರಲ್ಲಿ ಪರದೆ ಬೆಳ್ಳಗಾಗಿ, ನಿಮ್ಮ ಸಮಯ ಮುಗಿದಿದೆ ಎನ್ನುತ್ತಿತ್ತು. ವಿಮೆ ಕೊಳ್ಳಲು ಕೂತವಳಿಗೆ ಹೇಳುವ ಮಾತೇ ಅದು? ಪ್ರತಿ ಸಲವೂ ಮೊದಲಿನಿಂದ ಶುರು ಮಾಡುತ್ತಿದ್ದೆ. ಗುರುವಾರದೊಳಗೆ ಮುಗಿಯಬೇಕಿತ್ತು ಬೇರೆ. ಇಬ್ಬರ ಲೇಬರ್ ಕಾರ್ಡ್ ನವೀಕರಣ ಇದಕ್ಕಾಗಿಯೇ ನಿಂತಿತ್ತು.

ಹಿಂದೆ ಮಂಗಳೂರಿನಿಂದ ಈ ಕರಾವಳಿಗೆ ಅಕ್ಕಿ, ಮರ ತುಂಬಿಕೊಂಡು ಮಂಜಿ ಎಂಬ ಹಾಯಿಹಡಗುಗಳು ಬರುತ್ತಿದ್ದವಂತೆ. ಜಾಣ ವ್ಯಾಪಾರಿ ತನ್ನ ಮೂಟೆಗಳನ್ನೆಲ್ಲ ಒಂದೇ ಮಂಜಿಗೆ ಹೇರದೆ ನಾಲ್ಕಾರು ಮಂಜಿಗಳಿಗೆ ಹಂಚುತ್ತಿದ್ದನೆಂದು ಎಲ್ಲೋ ಓದಿದ ನೆನಪು. ಒಂದು ಮುಳುಗಿದರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ನಷ್ಟ, ಯಾರಿಗೂ ಪೂರ್ತಿ ನಷ್ಟವಿಲ್ಲ. ವಿಮೆಯ ಗುಟ್ಟು ಇಷ್ಟೇ ಎಂದು ನನ್ನ ತಿಳಿವಳಿಕೆ. ಆದರೆ ಇದು ನಡೆಯಬೇಕಾದರೆ ಒಂದು ಷರತ್ತಿದೆ. ತಳದಲ್ಲಿ ತೂತಿರುವ ಮಂಜಿಯ ಯಜಮಾನ ತೂತಿದೆ ಎಂದು ಮೊದಲೇ ಹೇಳಬೇಕು.

ಆ ಷರತ್ತಿನ ಹೆಸರು ಆರೋಗ್ಯ ಘೋಷಣೆ. ತಲೆಗೊಂದು ಫಾರ್ಮು. ಸಕ್ಕರೆ ಕಾಯಿಲೆ ಇದೆಯೇ, ರಕ್ತದೊತ್ತಡ ಇದೆಯೇ, ಹೃದಯ, ಮೂತ್ರಪಿಂಡ, ಹೌದು, ಇಲ್ಲ. ನಾನು ಐದು ಪ್ರತಿ ತೆಗೆದು ಹಸನಾಕನ ಕೈಗೆ ಕೊಟ್ಟೆ.

ಹಸನಬ್ಬ ನಮ್ಮ ಹಿರಿಯ ಬಡಗಿ. ಬಂಟ್ವಾಳದ ಕಡೆಯವರು, ನಮ್ಮಲ್ಲಿ ಹದಿನಾಲ್ಕು ವರ್ಷದಿಂದ ಇದ್ದಾರೆ. ಅಣ್ಣ ಎನ್ನುವ ಹಾಗೆ ನನಗೆ ಹಸನಾಕ, ಅವರಿಗೆ ನಾನು ಅಕ್ಕ, ನನಗಿಂತ ಹತ್ತು ವರ್ಷ ದೊಡ್ಡವರಾದರೂ. ಗಲ್ಫಿನ ವಿಮಾನಗಳಲ್ಲಿ ಹಿಂದೆ ಒಂದು ರೂಢಿ ಇತ್ತು, ನೀವು ನೋಡಿರಬಹುದು: ಇಳಿಯುವ ಮೊದಲು ಇಮಿಗ್ರೇಶನ್ ಕಾರ್ಡು ಹಂಚಿದಾಗ, ಪೆನ್ನು ಮತ್ತು ಇಂಗ್ಲಿಷ್ ಎರಡೂ ಇರುವ ಒಬ್ಬನ ಬಳಿಗೆ ಇಡೀ ಸಾಲಿನ ಪಾಸ್‌ಪೋರ್ಟುಗಳು ಬರುತ್ತಿದ್ದವು. ಹಸನಾಕ ಆ ಒಬ್ಬ. ನಮ್ಮ ಶೆಡ್ಡಿನಲ್ಲಿ ಬ್ಯಾಂಕಿನದಾಗಲಿ ಆಸ್ಪತ್ರೆಯದಾಗಲಿ ಯಾವ ಕಾಗದ ಬಂದರೂ ತುಂಬುವುದು ಅವರೇ. ಊಟದ ಹೊತ್ತಿಗೆ ಐದೂ ಫಾರ್ಮುಗಳು ನೀಟಾಗಿ ನನ್ನ ಮೇಜಿಗೆ ಬಂದವು.

ನೋಡುತ್ತೇನೆ, ಐವರೂ ಅರವತ್ತೈದು ಕಿಲೋ! ಪಾಲಿಶ್ ಮಾಡುವ ಗುಲ್ ಭಾಯಿ ಪಾಕಿಸ್ತಾನದವರು, ಬಾಗಿಲಲ್ಲಿ ನಿಂತರೆ ಬಿಸಿಲೇ ಒಳಗೆ ಬರುವುದಿಲ್ಲ; ಅವರೂ ಅರವತ್ತೈದು. ಐವರಿಗೂ ಐದೂವರೆ ಅಡಿ ಎತ್ತರ. ಸಕ್ಕರೆ ಇಲ್ಲ, ಒತ್ತಡ ಇಲ್ಲ. ಕುಟುಂಬದ ಆರೋಗ್ಯದ ವಿವರ ಎಂಬಲ್ಲಿ, ಎಲ್ಲರೂ ದೇವರ ದಯೆಯಿಂದ ಕ್ಷೇಮ.

ನಗು ಬಂತು. ಮರುಕ್ಷಣ ನಗು ನಿಂತಿತು. ಏಕೆಂದರೆ ಹಸನಾಕನಿಗೆ ಸಕ್ಕರೆ ಕಾಯಿಲೆ ಇದೆ ಎಂದು ನನಗೆ ಗೊತ್ತಿತ್ತು.

ಯಾರೂ ಹೇಳಿರಲಿಲ್ಲ. ಏಸಿ ಕೋಣೆಯ ಗಾಜಿನಿಂದ ನೀರಿನ ಕೂಲರ್ ಕಾಣುತ್ತದೆ. ಅವರು ಗಂಟೆಗೆ ಮೂರು ಸಲ ಅಲ್ಲಿಗೆ ಬರುತ್ತಾರೆ. ಎರಡು ತಿಂಗಳಿಂದ ಬಲಗಾಲಿಗೆ ಬೂಟು, ಎಡಗಾಲಿಗೆ ಚಪ್ಪಲಿ, ಅದರ ಹೆಬ್ಬೆರಳಿಗೆ ಬಟ್ಟೆ. ಚಹಾಕ್ಕೆ ಮಾತ್ರ ಎಲ್ಲರೆದುರು ಮೂರು ಚಮಚ ಸಕ್ಕರೆ ಹಾಕಿ, ಕೇಳಿಸುವ ಹಾಗೆ ಕಲಕುತ್ತಾರೆ. ಹಲ್ವ ಬಂದರೆ ಮೊದಲ ತುಂಡು ಅವರದೇ. ಸಕ್ಕರೆ ಇಲ್ಲದವನು ಅಷ್ಟು ಶ್ರಮಪಟ್ಟು ಸಿಹಿ ತಿನ್ನುವುದಿಲ್ಲ.

ಗಂಡ ರುಸ್ತಾಕ್ ಎಂಬ ದೂರದ ಊರಿನಲ್ಲಿ ಒಂದು ಮನೆಗೆ ಕಪಾಟು ಜೋಡಿಸಲು ಹೋಗಿದ್ದರು. ಯಾರದೆಂದು ಹೇಳದೆ, ಫಾರ್ಮು ಸರಿಯಿಲ್ಲವೆಂದು ಫೋನ್ ಮಾಡಿದರೆ, "ಅವರು ಬರ್ದದ್ದನ್ನು ಹಾಗೇ ಹಾಕು. ನಾವೆಂತ ಡಾಕ್ಟ್ರಾ?" ಎಂದರು. ವಿಮೆಯ ಸಹಾಯವಾಣಿಗೆ ಮಾಡಿದೆ. ಇದ್ದ ಕಾಯಿಲೆ ಮುಚ್ಚಿಟ್ಟರೆ ನಾಳೆ ಚಿಕಿತ್ಸೆಯ ಖರ್ಚು ಕೊಡದೆ ಇರಬಹುದು ಎಂದಳು ಅಲ್ಲಿನ ಹುಡುಗಿ. ಹೌದು ಎಂದು ಬರೆದರೆ ಅವರ ಕೆಲಸಕ್ಕೆ ತೊಂದರೆಯಾಗುತ್ತದೆಯೇ ಎಂದೆ. "ಮೇಡಂ, ಅದು ನಮ್ಮ ವಿಭಾಗವಲ್ಲ."

ಆ ಒಂದು ಚೌಕದ ಮುಂದೆ ನಾನು ಎಷ್ಟು ಹೊತ್ತು ಕೂತೆನೋ. ಇಲ್ಲ ಎಂದು ಒತ್ತಿದರೆ ನಾಳೆ ಆ ಬೆರಳು, ನಾಡಿದ್ದು ಆ ಕಾಲು. ಹೌದು ಎಂದು ಒತ್ತಿದರೆ ಅವರು ಕೈಯಾರೆ ಬರೆದದ್ದನ್ನು ನಾನು ಅವರ ಬೆನ್ನ ಹಿಂದೆ ತಿದ್ದಿದ ಹಾಗೆ. ಕೊನೆಗೆ ಅವರನ್ನೇ ಕರೆದೆ. ಮಾತು ನಡೆದದ್ದು ತುಳುವಿನಲ್ಲಿ, ಬರೆಯುವಾಗ ಕನ್ನಡವಾಗುತ್ತದೆ.

"ಹಸನಾಕ, ಗುಲ್ ಭಾಯಿ ಅರವತ್ತೈದು ಕಿಲೋ?"

"ಒಂದು ಕಾಲು ಇಟ್ರೆ ಅಷ್ಟು ಬರ್ಬಹುದು."

"ನಿಮ್ಮ ಸಕ್ಕರೆ ಎಷ್ಟು?"

ಅವರು ಬಾಗಿಲು ಮುಚ್ಚಿದರು. "ಯಾರು ಹೇಳಿದ್ದು?"

"ನಿಮ್ಮ ಬೆರಳು."

ಎಡಗಾಲನ್ನು ಹಿಂದಕ್ಕೆ ಎಳೆದುಕೊಂಡು ಕೇಳಿದರು. "ಅಕ್ಕ, ನಿಮ್ಮ ಫಾರ್ಮಿನಲ್ಲಿ ಎಂತ ಬರ್ದಿದ್ದೀರಿ?"

"ನನ್ನದೆಂತ?"

"ಬೆಳಿಗ್ಗೆ ಹತ್ತು ಗಂಟೆಗೆ ಬ್ಯಾಗಿನಿಂದ ಅರ್ಧ ಮಾತ್ರೆ ತೆಗೀತೀರಲ್ಲ, ಅದು ಎಂತ, ಶುಂಠಿ ಪೆಪ್ಪರ್‌ಮೆಂಟಾ?"

ಗಾಜಿನಿಂದ ಕೂಲರ್ ಕಾಣುತ್ತದೆಂದರೆ ಕೂಲರಿನ ಬಳಿಯಿಂದ ನಾನೂ ಕಾಣುತ್ತೇನೆ ಎಂಬುದು ಹೊಳೆದಿರಲಿಲ್ಲ. ನನ್ನ ಫಾರ್ಮಿನಲ್ಲಿ ರಕ್ತದೊತ್ತಡ ಇಲ್ಲ ಎಂದೇ ಇತ್ತು. ಅರ್ಧ ಮಾತ್ರೆಯ ಕಾಯಿಲೆ ಕಾಯಿಲೆಯಲ್ಲವೆಂದು ನನಗೆ ನಾನೇ ಸರ್ಟಿಫಿಕೇಟು ಕೊಟ್ಟುಕೊಂಡಿದ್ದೆ. ಅವರ ಎದುರಿಗೇ ಅದನ್ನು ಹೊಡೆದುಹಾಕಿ ಹೌದು ಎಂದು ಬರೆದೆ. "ಇನ್ನು ನಿಮ್ಮದು. ಕಂಪೆನಿಯವರು ಎಂತ ಮಾಡ್ತಾರೆ, ಹೆಚ್ಚೆಂದರೆ ಸ್ವಲ್ಪ ಜಾಸ್ತಿ ಕೇಳ್ತಾರೆ. ಯಾಕೆ ಹೆದರುದು?"

"ಕಂಪೆನಿಗೆ ಯಾರು ಹೆದರಿದ್ದು ಅಕ್ಕ? ಅಣ್ಣನಿಗೆ ಗೊತ್ತಾಗ್ಬಾರ್ದು." ಅಣ್ಣ ಎಂದರೆ ನನ್ನ ಗಂಡ. "ಹೋದ ವರ್ಷ ಸೊಂಟ ನೋವು ಅಂದವನನ್ನು ರಜೆಯಲ್ಲಿ ಕಳಿಸಿದ್ರಲ್ಲ. ಅವ ವಾಪಸ್ ಬಂದನಾ? ನನ್ನ ಸಣ್ಣವಳ ನರ್ಸಿಂಗ್ ಇನ್ನೂ ಎರಡು ವರ್ಷ ಉಂಟು."

ಆ ಮನುಷ್ಯನಿಗೆ ಟಿಕೆಟ್ ಮಾಡಿದವಳು ನಾನು. ಊರಲ್ಲಿ ವಿಶ್ರಾಂತಿ ಸಿಗಲಿ ಎಂದಿದ್ದೆವು. ಆಮೇಲೆ ವೀಸಾ ಮುಗಿಯಿತು, ಹೊಸದು ಮಾಡಿಸಲಿಲ್ಲ. ಕೆಟ್ಟದ್ದು ಮಾಡಿದೆವೆಂದು ಅವತ್ತು ಅನ್ನಿಸಿಯೇ ಇರಲಿಲ್ಲ. ಊರಿನ ಮಾತು, ಹಬ್ಬಕ್ಕೆ ಪಾಯಸ, ಅಕ್ಕ ಅನ್ನಿಸಿಕೊಳ್ಳುವ ಸುಖ, ಇವುಗಳಲ್ಲಿ ನಾನು ಮರೆತಿದ್ದ ಒಂದು ಸಂಗತಿಯನ್ನು ಹಸನಾಕ ಒಂದು ದಿನವೂ ಮರೆತಿರಲಿಲ್ಲ: ನಾವು ಬೇಡವೆಂದರೆ ಅವರು ಈ ದೇಶದಲ್ಲಿ ಇರುವ ಹಾಗಿಲ್ಲ. ಅವರು ಸಿಹಿ ತಿಂದದ್ದು ನನಗೆ ತೋರಿಸಲಿಕ್ಕೆ.

ಮತ್ತೆ ರುಸ್ತಾಕಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಮೇಜಿನ ಮೇಲಿಟ್ಟೆ. "ಹಸನಾಕನಿಗೆ ಸಕ್ಕರೆ ಉಂಟು. ಹೌದು ಅಂತ ಬರೀತೇನೆ. ಅವರನ್ನು ಊರಿಗೆ ಕಳಿಸುದಿಲ್ಲ ಅಂತ ನೀವು ಈಗ ಹೇಳ್ಬೇಕು. ಅವರು ಇಲ್ಲೇ ಇದ್ದಾರೆ." ಆ ಕಡೆ ಡ್ರಿಲ್ಲಿಂಗ್ ಯಂತ್ರದ ಸದ್ದು ನಿಂತಿತು. ಹಸನಾಕ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದರು.

"ಮಾರಾಯ," ಎಂದಿತು ಫೋನು, "ನೀನಿಲ್ಲದೆ ನನ್ನ ಯಾವ ಬಾಗಿಲು ಸರಿ ಮುಚ್ಚಿದ್ದುಂಟು? ಮೊದಲು ಕಾಲು ತೋರಿಸು. ಆ ಹಲ್ವ ತಿನ್ನುದನ್ನು ನಿಲ್ಸು."

ಹಸನಾಕ ಕೂತು, ತಮ್ಮ ಫಾರ್ಮನ್ನು ತಾವೇ ತಿದ್ದಿದರು. ಎಂಟು ವರ್ಷದಿಂದ, ಎಂದು ಬರೆದರು. ಆಮೇಲೆ ಎದ್ದು ಹೋಗಿ ಶೆಡ್ಡಿನಲ್ಲಿ ಏನು ಹೇಳಿದರೋ, ಗುಲ್ ಭಾಯಿ ಬಾಗಿಲು ತುಂಬಿ ನಿಂತರು. "ಭಾಭೀ, ಮೇರಾ ಭೀ ಲಿಖೋ," ನನ್ನದೂ ಬರೆಯಿರಿ ಎಂದರು. ಅವರಿಗೆ ಮೂತ್ರಪಿಂಡದಲ್ಲಿ ಕಲ್ಲು. ಹಿಂದೆಯೇ ಇನ್ನೊಬ್ಬರು. ತೂಕದ ಯಂತ್ರವನ್ನು ಪಕ್ಕದ ಗ್ಯಾರೇಜಿನಿಂದ ತರಿಸಿದ್ದಾಯಿತು.

ಬುಧವಾರ ಕಳಿಸಿದೆ. ಪರಿಶೀಲನೆಯಲ್ಲಿದೆ... ಎಂದು ಪರದೆಯಲ್ಲಿ ಉತ್ತರ ಬಂತು. ಗುರುವಾರ ಮಧ್ಯಾಹ್ನದವರೆಗೂ ಅದೇ ಮೂರು ಚುಕ್ಕಿ. ಅನ್ನಕ್ಕೆ ನೀರಿಟ್ಟು ಅಕ್ಕಿ ಹಾಕಲು ಮರೆತೆ. ಸತ್ಯ ಹೇಳಿಸಿ ಹಸನಾಕನ ಅನ್ನಕ್ಕೇ ಕಲ್ಲು ಹಾಕಿದೆನೇನೋ ಎಂದು ಅರ್ಧ ಮಾತ್ರೆಯ ಬದಲು ಇಡೀ ಮಾತ್ರೆ ನುಂಗಿಬಿಟ್ಟೆ. ಮೂರು ಗಂಟೆಗೆ ಆರೂ ಹೆಸರುಗಳ ಮುಂದೆ ಹಸಿರು ಗುರುತು ಬಿತ್ತು. ಹಸನಾಕನ ಕಂತು ಸ್ವಲ್ಪ ಹೆಚ್ಚು, ಅಷ್ಟೇ.

ಶನಿವಾರ ಕ್ಲಿನಿಕ್ಕಿನಿಂದ ಅವರದೇ ಫೋನು. "ಅಕ್ಕ, ಬೆರಳು ಉಳೀತದಂತೆ. ಇನ್ನು ಹದಿನೈದು ದಿನ ತಡ ಮಾಡಿದ್ರೆ ಅಂತ ಡಾಕ್ಟ್ರು ಬೈದ್ರು. ನಾನು, ಖಲಾಸ್ ಸಾರ್, ಬೈದದ್ದು ಸಾಕು, ಬ್ಯಾಂಡೇಜ್ ಹಾಕಿ ಅಂದೆ."

ಆ ಸಂಜೆ ಕಾರಿನಲ್ಲಿ ಮನೆಗೆ ಹೋಗುವಾಗ ಇದನ್ನು ಗಂಡನಿಗೆ ವರದಿ ಮಾಡಿದೆ. ಉತ್ತರವಿಲ್ಲ. ರಸ್ತೆಯನ್ನೇ ನೋಡುತ್ತಿದ್ದವರು ಎರಡು ಸಿಗ್ನಲ್ ದಾಟಿದ ಮೇಲೆ, "ನನ್ನ ಬಲಗಿವಿ ಸರಿ ಕೇಳುದಿಲ್ಲ," ಎಂದರು. "ಗರಗಸದ ಸದ್ದಿಗೆ ಇರ್ಬೇಕು. ಎರಡು ವರ್ಷ ಆಯ್ತು."

ಇಲ್ಲಿ ಗಾಡಿ ಓಡಿಸುವವರು ಎಡಕ್ಕೆ ಕೂರುತ್ತಾರೆ. ಪಕ್ಕದಲ್ಲಿ ಕೂತವಳು ಮಾತನಾಡುವುದು ಬಲಗಿವಿಗೆ. ಎರಡು ವರ್ಷದಿಂದ ಅವರು ನನ್ನ ಮಾತಿಗೆ ಓಗೊಡದೇ ಇದ್ದುದಕ್ಕೆ ನಾನು ಉದಾಸೀನವೆಂಬ ಬೇರೆಯೇ ಕಾಯಿಲೆಯ ಹೆಸರಿಟ್ಟುಕೊಂಡು ಒಳಗೊಳಗೇ ನೊಂದಿದ್ದೆ. ಕಿವಿಯ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುವವರೆಗೆ ಹಿಂದಿನ ಸೀಟಿನಲ್ಲಿ, ಅವರ ಎಡಗಿವಿಯ ಹತ್ತಿರ ಕೂರುತ್ತಿದ್ದೇನೆ. ನೋಡಿದವರು ಅವರನ್ನು ನನ್ನ ಡ್ರೈವರ್ ಎಂದುಕೊಂಡರೆ ಎಂದುಕೊಳ್ಳಲಿ. ನಿನ್ನೆ ದಾರಿಯುದ್ದಕ್ಕೂ ಮಾತಾಡಿದೆವು.