ಅತ್ತೆ ಅರ್ಧಕ್ಕೆ ನಿಲ್ಲಿಸಿದ ಕೊಲೆಯ ಕತೆ

ನಾನು ಮದುವೆಯಾಗಿ ಧಾರವಾಡಕ್ಕೆ ಬಂದ ಮೂರನೆಯ ವರ್ಷ ಅತ್ತೆಯ ಕಣ್ಣಿನ ಪೊರೆ ತೆಗೆಸಿದೆವು. ಆಗಿನ್ನೂ ಬ್ರಿಟಿಷರ ಕಾಲ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹದಿನೈದು ದಿನ ಅಲುಗಾಡದೆ ಮಲಗಬೇಕೆಂದು ಡಾಕ್ಟರು ಹೇಳಿದ್ದರು. ಅರೆಗಳಿಗೆ ಸುಮ್ಮನೆ ಕೂತವರಲ್ಲ ಅತ್ತೆ. ಎರಡನೆಯ ದಿನಕ್ಕೇ ಬೇಸತ್ತು, "ಏನರ ಓದವಾ. ಪುರಾಣ ಬ್ಯಾಡ, ಅದೆಲ್ಲಾ ಬಾಯಿಪಾಠ ಅದ" ಎಂದರು.

ಕೈಗೆ ಸಿಕ್ಕಿದ್ದು ನನ್ನ ಗಂಡ ವಾಚನಾಲಯದಿಂದ ತಂದಿದ್ದ ಇಂಗ್ಲಿಷ್ ಪತ್ತೇದಾರಿ ಕಾದಂಬರಿ. ನಾರ್ವೆ ದೇಶದ ತುತ್ತತುದಿಯ ದ್ವೀಪದಲ್ಲಿ ಮೂವತ್ತು ಮನೆಗಳ ಮೀನುಗಾರರ ಊರು. ಚಳಿಗಾಲದಲ್ಲಿ ಅಲ್ಲಿ ಎರಡು ತಿಂಗಳು ಸೂರ್ಯನೇ ಹುಟ್ಟುವುದಿಲ್ಲ. ಅಂಥ ದಿನಗಳಲ್ಲಿ ಒಬ್ಬ ಹೆಂಗಸು ಹಿಮದಲ್ಲಿ ಸತ್ತು ಬಿದ್ದಿರುತ್ತಾಳೆ. ನಾನು ಒಂದೊಂದೇ ವಾಕ್ಯ ಓದಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದೆ. ಮಡಿಯ ಮನೆಯಲ್ಲಿ ಮೀನಿನ ಮಾತೆತ್ತಲು ಅಳುಕಿ, "ಅಂಗಳದಾಗ ಏನೋ ಒಣಗಹಾಕ್ಯಾರ್ರಿ" ಎಂದೆ.

"ಏನು, ಹಪ್ಪಳೇನು?"

"ಮೀನ್ರಿ, ಅತ್ತಿ."

"ಮೀನಾದ್ರ ಮೀನ ಅನ್ನು. ಕೇಳಿದ್ರ ಮೈಲಿಗಿ ಆಗೂದಿಲ್ಲ."

ಪೋಲೀಸ್ ಅಧಿಕಾರಿ ದೋಣಿಯಲ್ಲಿ ಬಂದು ಮನೆಮನೆ ವಿಚಾರಿಸುತ್ತಾನೆ. ಎಲ್ಲರದ್ದೂ ಒಂದೇ ಉತ್ತರ: ಹಿಮದಲ್ಲಿ ಕಾಲು ಜಾರಿದಳು. ನನಗೆ ಆಗಷ್ಟೇ ಊರಿಗೆ ಬಂದಿದ್ದ ವ್ಯಾಪಾರಿಯ ಮೇಲೆ ಸಂಶಯ. ಅತ್ತೆ ಒಪ್ಪಲಿಲ್ಲ. "ಎಲ್ಲಾರೂ ಒಂದ ಮಾತು ಹೇಳಾಕತ್ತಾರಂದ್ರ ಎಲ್ಲಾರಿಗೂ ಗೊತ್ತದ."

ನಾನು ಮುಂದೆ ಓದುತ್ತ, ನಡುವೆ ತಲೆಯೆತ್ತಿ ನೋಡಿದರೆ ಪಟ್ಟಿ ಒದ್ದೆಯಾಗುತ್ತಿತ್ತು. ಅಳಬಾರದೆಂದು ಡಾಕ್ಟರು ಹೇಳಿದ್ದಾರೆಂದು ನಾನು ಗಾಬರಿಯಾಗಿ ನೆನಪಿಸಿದೆ.

"ಪುಸ್ತಕ ಮುಚ್ಚು" ಎಂದರು.

ಅವರಿಗೆ ಒಂಬತ್ತು ವರ್ಷವಿದ್ದಾಗ ತವರೂರಿನಲ್ಲಿ ಪಕ್ಕದ ಮನೆಯ ಸೊಸೆ ಬಾವಿಯಲ್ಲಿ ಸತ್ತಿದ್ದಳಂತೆ. ಅಂದು ನಸುಕಿನಲ್ಲಿ ಗಂಡ ಅವಳ ಜಡೆ ಹಿಡಿದು ಬಾವಿಯ ಕಡೆ ಎಳೆದೊಯ್ದು ನೂಕಿದ್ದನ್ನು ಅತ್ತೆ ಹಿತ್ತಲ ಗೋಡೆಯ ಮೇಲಿಂದ ಕಂಡಿದ್ದರು. ಪೋಲೀಸರು ಬಂದಾಗ ಊರಿಗೆ ಊರೇ ಕಾಲು ಜಾರಿತೆಂದಿತು. "ನೀ ಏನೂ ನೋಡಿಲ್ಲ" ಎಂದು ಅವರಪ್ಪ ಹೇಳಿಕೊಟ್ಟರು. ಇವರೂ ಹಾಗೆಯೇ ಹೇಳಿದರು. ಐವತ್ತು ವರ್ಷ ಅತ್ತೆ ಈ ಮಾತನ್ನು ಯಾರ ಮುಂದೆಯೂ ಎತ್ತಿರಲಿಲ್ಲ.

ಕಾದಂಬರಿ ಅಲ್ಲಿಗೇ ನಿಂತು, ವಾಚನಾಲಯಕ್ಕೆ ಹಿಂದಿರುಗಿತು. ಕೊಂದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ.

ಪಟ್ಟಿ ಬಿಚ್ಚಿ, ಓಡಾಡಲು ಡಾಕ್ಟರು ಒಪ್ಪಿದ ಮೇಲೆ ಅತ್ತೆ, "ಬಾವ್ಯಾಗ ಸತ್ತಾಕಿ ತಂಗಿನ್ನ ಉಣಕಲ್ಲಿಗೆ ಕೊಟ್ಟಾರ. ನನ್ನ ಕರಕೊಂಡು ನಡಿ" ಎಂದರು. ಹುಬ್ಬಳ್ಳಿಯ ಮೋಟಾರು ಹಿಡಿದು ಹೋದೆವು. ಆ ತಂಗಿಯೂ ಆಗಲೇ ಮುದುಕಿ. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅತ್ತೆ ನೀರೂ ಮುಟ್ಟದೆ, ಕಂಡದ್ದನ್ನೆಲ್ಲ ಹೇಳಿ ಮುಗಿಸಿದರು.

ಆಕೆ ಮೊರವನ್ನು ಕೆಳಗಿಟ್ಟಳು. "ಕಾಲು ಜಾರಿತಂದ್ರ ನಮ್ಮವ್ವ ನಂಬಲಿಲ್ಲರಿ. ಪಂಚಮಿ ಹಬ್ಬಕ್ಕ ತವರಿಗೆ ಕರಿಯಲಿಲ್ಲಂತ ಸಿಟ್ಟಿಲೆ ತಾನ ಜಿಗದ್ಲು, ನಾನ ಮಗಳನ್ನ ಕೊಂದೆ ಅಂತ ಸಾಯೂತನಾ ಅತ್ಲರಿ. ಆಕಿ ಇದ್ದಾಗ ಬಂದು ಹೇಳಬಾರದಿತ್ತೇನು?"

"ತಪ್ಪಾತವಾ" ಎಂದರು ಅತ್ತೆ.

ಆಕೆ ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಬಹಳ ಹೊತ್ತು ಕಾದು ನಾವು ಎದ್ದು ಬಂದೆವು. ದಾರಿಯುದ್ದಕ್ಕೂ ಅತ್ತೆ ನನ್ನ ಕೈ ಬಿಡಲಿಲ್ಲ. ಹೇಳಿದ್ದು ಒಳ್ಳೆಯದಾಯಿತೋ, ಮಾಯುತ್ತಿದ್ದ ಗಾಯವನ್ನು ಕೆದಕಿದೆವೋ ಎಂದು ನಾನು ಎಷ್ಟೋ ದಿನ ಯೋಚಿಸಿದೆ.

ತಿಂಗಳ ಮೇಲೆ ಒಂದು ಮಧ್ಯಾಹ್ನ, ಮನೆ ಹುಡುಕಿಕೊಂಡು ಆಕೆಯೇ ಬಂದಳು. ಕಟ್ಟೆಯ ಮೇಲೆ ಕೂತು ಸೆರಗಿನಿಂದ ಬೆವರು ಒರೆಸಿಕೊಂಡಳು.

"ನಮ್ಮಕ್ಕ ಸತ್ತಾಗ ನಾ ಭಾಳ ಸಣ್ಣಾಕಿರಿ. ಆಕಿ ಮಾರಿ ಹೆಂಗಿತ್ತೂಂತ ಸುದ್ದಾ ನೆನಪಿಲ್ಲ. ನೀವು ನೋಡೀರಲ್ಲ, ಹೇಳ್ರಿ."

ಅತ್ತೆ ಆಕೆಯ ಪಕ್ಕದಲ್ಲೇ ಕುಳಿತರು. "ಗಲ್ಲದ ಮ್ಯಾಲ ಕುಳಿ ಬೀಳತಿತ್ತವಾ. ಎತ್ತರದ ಹುಡುಗಿ. ಬೀಸುವಾಗ ಹಾಡತಿದ್ಲು. ನನಗ ಕುಂಟಾಬಿಲ್ಲಿ ಆಡೂದು ಕಲಿಸಿದಾಕಿ ಆಕಿನ..."

ನಾನು ಚಹಾ ಕಾಸಲು ಒಳಗೆ ಹೋದೆ.